ಕಾರಣ ಕೊಡುತ್ತಿದ್ದ ಹಿರಿಯರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವತ್ತು ಒಂದೇ ಬಾಗಲಕೋಟೆ ಜಿಲ್ಲೆಯ ಊರುಗಳು. 1948ಕ್ಕಿಂತ ಮೊದಲು ಹಾಗಿರಲಿಲ್ಲ. ಜಮಖಂಡಿಯನ್ನು ಪಟವರ್ಧನರು ಆಳುತ್ತಿದ್ದರು, ಮುಧೋಳವನ್ನು ಘೋರ್ಪಡೆ ಮನೆತನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಇಂಗ್ರಜರ ವಿಜಾಪುರ ಜಿಲ್ಲೆಯಲ್ಲಿತ್ತು. ಚಕ್ಕಡಿ ಕಟ್ಟಿಕೊಂಡು ಒಂದು ದಿನ ಹೊರಟರೆ ದಾರಿಯಲ್ಲಿ ಆಳುವವರೂ ಬದಲಾಗುತ್ತಿದ್ದರು, ಕಾಯ್ದೆಯೂ ಬದಲಾಗುತ್ತಿತ್ತು. ಅದಕ್ಕೇ ಇರಬೇಕು, ಕಾಯ್ದೆಯನ್ನು ಮನುಷ್ಯರೇ ಮಾಡುತ್ತಾರೆ, ಮಾಡಿದವರಿಗೆ ಕಾರಣ ಕೇಳಬಹುದು ಎಂಬ ತಿಳಿವಳಿಕೆ ನಮ್ಮ ಕಡೆಯ ಹಿರಿಯರಿಗೆ ಬೇಗ ಬಂದಿತ್ತು.

ಈ ಸೀಮೆಯಿಂದ ರಾಜಕಾರಣಕ್ಕೆ ಹೋದವರು ಹೆಚ್ಚಾಗಿ ನಿಧಾನದ ಮಂದಿ. ಮಠ, ಮನೆತನ, ಹೊಲ, ಹಿರೀಕರ ಮಾತು ಇವಕ್ಕೆ ಧಕ್ಕೆ ಬರಬಾರದು, ಬದಲಾವಣೆ ಬಂದರೂ ಹದವರಿತು ಬರಬೇಕು ಎನ್ನುವವರು. ಓದಿದವರು ಅವರನ್ನು ಸಂಪ್ರದಾಯಶೀಲರು ಎಂದರು, ಒಲ್ಲದವರು ಯಥಾಸ್ಥಿತಿವಾದಿಗಳು ಎಂದರು. ಸಂಪ್ರದಾಯದ ಹೆಸರು ಹೇಳುವವರಿಗೆ ಈಗಲೂ ಬರ ಇಲ್ಲ. ಹಿಂದಿಗಿಂತ ಹೆಚ್ಚೇ ಆಗಿದ್ದಾರೆ. ಕಾಣೆಯಾದದ್ದು, ಯಾವುದನ್ನು ಉಳಿಸಬೇಕು, ಯಾಕೆ ಉಳಿಸಬೇಕು ಎಂದು ಎದುರಿಗೆ ಕೂತು ಬಿಡಿಸಿ ಹೇಳುವ ರೂಢಿ.

ಜಮಖಂಡಿಯ ಹಳೆಯ ವಕೀಲರ ಪಡಸಾಲೆಗಳಲ್ಲಿ ಆ ರೂಢಿಯ ಕೊನೆಯ ಕಾಲವನ್ನು ನಾನು ಕಂಡಿದ್ದೇನೆ. ಗೋಡೆಯ ತುಂಬ ಚರ್ಮದ ಬೈಂಡಿನ ಕಾನೂನು ಪುಸ್ತಕಗಳು, ಅವುಗಳ ಪಕ್ಕದಲ್ಲಿ ಜ್ಞಾನೇಶ್ವರಿ, ವಚನಗಳು, ಗೀತಾರಹಸ್ಯ, ಕುರ್ಚಿಯ ಮೇಲೆ ಮಡಚಿಟ್ಟ 'ಸಂಯುಕ್ತ ಕರ್ನಾಟಕ'. ಮರಾಠಿಯಲ್ಲಿ ಕಲಿತು, ಕನ್ನಡದಲ್ಲಿ ಬದುಕಿ, ಇಂಗ್ಲಿಷಿನಲ್ಲಿ ವಾದ ಮಾಡಿದ ಪೀಳಿಗೆ ಅದು. ಕಿರಿಯರು ಉತ್ಸಾಹದಿಂದ ಯಾವುದೋ ಪಕ್ಷದ ಘೋಷಣೆ ಒಪ್ಪಿಸಿದರೆ ಹಿರಿಯರೊಬ್ಬರು ಅಡಿಕೆ ಕತ್ತರಿಸುತ್ತ, "ಅದು ಇರ್ಲೋ ತಮ್ಮಾ, ನಿನ್ನ ಎದುರಿನ ಪಾರ್ಟಿಯವ ಏನಂತಾನ, ಅದನ್ನ ಮೊದಲ ಹೇಳು" ಎನ್ನುತ್ತಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚಲೋ ಹೇಳಲು ಬಂದವನಿಗೆ ಮಾತ್ರ ಅಲ್ಲಿ ಮುಂದೆ ಮಾತಾಡುವ ಹಕ್ಕು.

ಆ ಪಡಸಾಲೆಗಳ ಹಿಂದೆ ಒಂದು ಶಾಲೆ ಇತ್ತು, ಜಮಖಂಡಿಯ ಪರಶುರಾಮಭಾವು ಹೈಸ್ಕೂಲು. 1886ರಲ್ಲಿ ಇದೇ ಊರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಓದಿದ್ದು ಅಲ್ಲೇ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದ ಹುಡುಗ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು. 1926ರಲ್ಲಿ ಬಂದ ಅವರ ಉಪನಿಷತ್ತುಗಳ ಸಮೀಕ್ಷೆಯನ್ನು ತೆರೆದರೆ ಯಾಜ್ಞವಲ್ಕ್ಯನ ಜೊತೆಗೇ ಗ್ರೀಕ್ ತತ್ತ್ವಜ್ಞಾನಿಗಳೂ ಎದುರಾಗುತ್ತಾರೆ. ನಮ್ಮದು ದೊಡ್ಡದು ಎಂದು ಕೂಗುವುದನ್ನು ಬಿಟ್ಟು, ನಮ್ಮದನ್ನು ಪರರ ಪಕ್ಕದಲ್ಲಿಟ್ಟು ತೂಗಿ ನೋಡಿದ ಪುಸ್ತಕ ಅದು. ಅವರು ರಾಜಕಾರಣಿ ಆಗಿರಲಿಲ್ಲ, ಖರೆ. ಪರಂಪರೆಯ ಪರ ಮಾತಾಡುವವನಿಗೆ ಎಷ್ಟು ಓದು ಇರಬೇಕು ಎಂಬುದಕ್ಕೆ ಮಾತ್ರ ಊರಿಗೊಂದು ಅಳತೆ ಹಾಕಿಕೊಟ್ಟರು.

ವಿಜಾಪುರದಲ್ಲಿ ಆ ಅಳತೆಗೆ ತಕ್ಕವರಾಗಿ ಫ.ಗು. ಹಳಕಟ್ಟಿಯವರಿದ್ದರು. ವೃತ್ತಿಯಿಂದ ವಕೀಲರು, ಮುಂಬಯಿ ಶಾಸನಸಭೆಯ ಸದಸ್ಯರಾಗಿದ್ದವರು, ಶಿಕ್ಷಣ ಸಂಸ್ಥೆ ಮತ್ತು ಸಹಕಾರಿ ಬ್ಯಾಂಕು ಕಟ್ಟಿದವರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮನೆ ಮನೆ ತಿರುಗಿ ತಾಡೋಲೆ ಕೂಡಿಸಿದರು, ಹಿತಚಿಂತಕ ಮುದ್ರಣಾಲಯಕ್ಕಾಗಿ ಕೈಯಲ್ಲಿದ್ದುದನ್ನೆಲ್ಲ ಕಳೆದರು. ಹಳೆಯದನ್ನು ಉಳಿಸಬೇಕೆನ್ನುವವನು ಮೊದಲು ಅದನ್ನು ಹುಡುಕಬೇಕು, ಓದಬೇಕು, ತಪ್ಪಿಲ್ಲದೆ ಅಚ್ಚು ಹಾಕಬೇಕು. ಇದು ಅವರ ನಂಬಿಕೆಯಾಗಿತ್ತು.

ಈ ಎರಡೂ ಎಳೆ ಬಿ.ಡಿ. ಜಟ್ಟಿಯವರಲ್ಲಿ ಕೂಡಿದವು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಹೂಡಿದರು. ಪುರಸಭೆಯ ಅಧ್ಯಕ್ಷರಾದರು, ಸಂಸ್ಥಾನದ ಮಂತ್ರಿಯಾದರು. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಮತ್ತೆ ಕರಿಕೋಟು ತೊಟ್ಟು ಕೋರ್ಟಿಗೆ ಹೋದರು. 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ನಡುವೆ, 1964ರಲ್ಲಿ, ಬಸವ ಸಮಿತಿ ಕಟ್ಟಿದರು.

ರಾಜ್ಯದ ಏಕೀಕರಣವಾದ ಮೇಲೆ ಗೇಣಿ ಮತ್ತು ಭೂಮಿ ಕಾಯ್ದೆಗಳನ್ನು ನೋಡಲು 1957ರಲ್ಲಿ ನೇಮಿಸಿದ ಸಮಿತಿಗೆ ಜಟ್ಟಿಯವರೇ ಅಧ್ಯಕ್ಷರು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹಳೇ ಮೈಸೂರು ಎಂದು ಐದು ಕಡೆಯಿಂದ ಬಂದ ಬೇರೆ ಬೇರೆ ಕಾಯ್ದೆಗಳನ್ನು ಒಂದಾಗಿಸುವ ಕೆಲಸ. ಅದರಿಂದ ಹುಟ್ಟಿದ 1961ರ ಭೂಸುಧಾರಣೆ ಕಾಯ್ದೆ ಮಧ್ಯದ ದಾರಿ ಹಿಡಿಯಿತು. ಗೇಣಿದಾರನಿಗೆ ರಕ್ಷಣೆ ಕೊಟ್ಟಿತು, ಒಡೆಯ ತಾನೇ ಉಳುತ್ತೇನೆ ಎಂದರೆ ಹೊಲದ ಪಾಲು ಮರಳಿ ಪಡೆಯುವ ದಾರಿಯನ್ನೂ ಇಟ್ಟಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆ ನಿಧಾನದಲ್ಲಿ ಎಷ್ಟೋ ಒಡೆಯರು ಗೇಣಿದಾರರನ್ನು ಬಿಡಿಸಿ ಹಾದಿ ಸುಗಮ ಮಾಡಿಕೊಂಡರು ಎಂಬ ಟೀಕೆಯಲ್ಲಿ ಹುರುಳಿದೆ. 1974ರ ಮಾರ್ಚ್ 1ರಿಂದ ಗೇಣಿಯನ್ನೇ ತೆಗೆದುಹಾಕಲು ದೇವರಾಜ ಅರಸರು ಬರಬೇಕಾಯಿತು. ನಮ್ಮ ಹಿರಿಯರ ಸಾವಧಾನದ ಬೆಲೆಯನ್ನು ಹಲವು ಸಲ ಬಡವರು ತೆತ್ತಿದ್ದಾರೆ. ಆದರೂ ಆ ಕಾಯ್ದೆಗೆ ಹಿನ್ನೆಲೆಯಾಗಿ ಒಂದು ವರದಿ ಇತ್ತು. ಒಪ್ಪದವನಿಗೂ ಹಿಡಿದು ಜಗಳಾಡಲು ಪುಟಗಳಿದ್ದವು.

2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಎಂದು ಸರಕಾರ ಬದಲಾಯಿಸಿತು. ಮೊದಲು ಬಂದದ್ದು ಸುಗ್ರೀವಾಜ್ಞೆ, ಸದನದ ಒಪ್ಪಿಗೆ ಆಮೇಲೆ. ಬದಲಾವಣೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಹೊಲವೇ ಮನೆತನ ಎಂದು ನಂಬಿದ ಸೀಮೆಯಲ್ಲಿ ಪರಂಪರೆಯ ಹೆಸರಲ್ಲಿ ಮತ ಪಡೆದವರು, ಹೊಲದ ಒಡೆತನಕ್ಕೂ ಊರಿನ ಬದುಕಿಗೂ ಇರುವ ನಂಟನ್ನು ಕುರಿತು ಪರವಾಗಿಯೋ ವಿರೋಧವಾಗಿಯೋ ಒಂದು ಗಟ್ಟಿ ಲೇಖನ ಬರೆದದ್ದನ್ನು ನಾನು ಓದಲಿಲ್ಲ.

ಜಟ್ಟಿಯವರ ಹೆಸರು ದೇಶದ ಬಾಯಲ್ಲಿ ಕುಣಿದದ್ದು 1977ರ ಏಪ್ರಿಲಿನಲ್ಲಿ. ಫಕ್ರುದ್ದೀನ್ ಅಲಿ ಅಹಮದ್ ಫೆಬ್ರುವರಿ 11ರಂದು ತೀರಿಕೊಂಡಿದ್ದರಿಂದ ಇವರು ಹಂಗಾಮಿ ರಾಷ್ಟ್ರಪತಿ. ಹೊಸದಾಗಿ ಗೆದ್ದ ಜನತಾ ಸರಕಾರ ಕಾಂಗ್ರೆಸ್ ಆಳ್ವಿಕೆಯ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಹೊರಟಿತ್ತು. ಸುಪ್ರೀಂ ಕೋರ್ಟು ಅಡ್ಡಿಯಿಲ್ಲ ಎಂದಿತು. ಜಟ್ಟಿ ಮಾತ್ರ ತಕ್ಷಣ ಸಹಿ ಹಾಕದೆ ಕಾಲಾವಕಾಶ ಕೇಳಿದರು. ದಿಲ್ಲಿ ಗುಲ್ಲೆದ್ದಿತು. ಸಚಿವ ಸಂಪುಟ ಒತ್ತಿ ಹೇಳಿದ ಮೇಲೆ ಏಪ್ರಿಲ್ 30ರಂದು ಸಹಿ ಬಿತ್ತು. ಹಳೆಯ ಪಕ್ಷದ ಋಣ ತೀರಿಸಿದರು ಎಂದು ಹಲವರು ಆಡಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಉಪರಾಷ್ಟ್ರಪತಿಯಾಗಿದ್ದಾಗ ಈ ಅಳುಕು ಎಲ್ಲಿ ಹೋಗಿತ್ತು ಎಂದು ಕೇಳುವವರಿಗೆ ನನ್ನಲ್ಲಿಯೂ ಉತ್ತರವಿಲ್ಲ. ಆದರೂ ಲೋಕಸಭೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯಗಳಲ್ಲಿ ಜನ ಆರಿಸಿದ ಸಭೆಗಳನ್ನು ಮನೆಗೆ ಕಳಿಸಬಹುದೇ ಎಂಬ ಪ್ರಶ್ನೆ ಸಾಚಾ ಪ್ರಶ್ನೆ. ಅದು ಅಲ್ಲಿ ಒಂದು ದಿನವಾದರೂ ತಡೆದು ನಿಂತದ್ದು ಸಾವಳಗಿಯ ಒಬ್ಬ ವಕೀಲನಿಂದ.

ಇದೇ ಜಿಲ್ಲೆಯ ಹುನಗುಂದದ ಎಸ್.ಆರ್. ಕಂಠಿಯವರನ್ನೂ ನೆನೆಯಬೇಕು. ಸಭಾಧ್ಯಕ್ಷರಾಗಿದ್ದವರು, 1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ಸೋತಾಗ ಮುಖ್ಯಮಂತ್ರಿಯಾದರು. ಮೂರು ತಿಂಗಳ ನಂತರ ನಿಜಲಿಂಗಪ್ಪ ಗೆದ್ದು ಬಂದ ಕೂಡಲೆ ಕುರ್ಚಿ ಬಿಟ್ಟುಕೊಟ್ಟು ಅವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾದರು. ಕೊಟ್ಟ ಮಾತಿಗೆ ಕಟ್ಟುಬೀಳುವುದೇ ಅವರ ಸಂಪ್ರದಾಯ. ಅದಕ್ಕೆ ಭಾಷಣ ಬೇಕಾಗಿರಲಿಲ್ಲ.

ಇದೆಲ್ಲ ಓದಿದವರ ಮಾತಾಯಿತು ಎನ್ನಬೇಡಿ. ಅಕ್ಷರ ಬಾರದ ಮಂದಿಗೂ ವಾದದ ಶಾಲೆ ಇತ್ತು. ಜಾತ್ರೆಯ ರಾತ್ರಿ ಹರದೇಶಿ ಮೇಳ ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಎಂದು ಎದ್ದು ನಿಲ್ಲುತ್ತಿತ್ತು. ಶಿವನೋ ಶಕ್ತಿಯೋ ಎಂಬ ಆ ಸವಾಲು-ಜವಾಬು ಬೆಳತನಕ ನಡೆಯುವುದು. ಪುರಾಣ ಗೊತ್ತಿಲ್ಲದವ ಸೋಲುತ್ತಿದ್ದ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆ ಎಂದು ಎದ್ದ ಕಥೆ ನಮಗೆ ಉಳಿದದ್ದು ಲಾವಣಿಯಲ್ಲಿ. ಅದೂ ಒಂದರ್ಥದಲ್ಲಿ ತಮ್ಮ ರೂಢಿಯನ್ನು ಯಾಕೆ ಬಿಡಬೇಕು ಎಂದು ಕೇಳಿದವರ ಕಥೆಯೇ.

ತಮ್ಮ ಬದುಕನ್ನು ತಾವೇ ನಿರ್ಧರಿಸುವ ಆ ಗುಣ ಕೊನೆಯ ಸಲ ದೊಡ್ಡದಾಗಿ ಕಂಡದ್ದು 1989ರಲ್ಲಿ, ಚಿಕ್ಕಪಡಸಲಗಿಯಲ್ಲಿ. ಜಮಖಂಡಿ ತಾಲ್ಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸರಕಾರದ ದಾರಿ ಕಾಯದೆ ತಾವೇ ರೊಕ್ಕ ಕೂಡಿಸಿ, ಮೈಮುರಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಸರಕಾರ ಎಲ್ಲವನ್ನೂ ಮಾಡಬೇಕಿಲ್ಲ, ಊರು ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲದು ಎಂಬ ವಿಚಾರವನ್ನು ಸಂಪ್ರದಾಯಶೀಲ ಚಿಂತಕರು ಪುಸ್ತಕಗಟ್ಟಲೆ ಬರೆದಿದ್ದಾರೆ. ನಮ್ಮವರು ಅದನ್ನು ಕಲ್ಲು-ಸಿಮೆಂಟಿನಲ್ಲಿ ಬರೆದರು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಇದೇ ನ್ಯಾಮಗೌಡರು ಸೋಲಿಸಿದರು. ಆದರೆ ಬ್ಯಾರೇಜಿನಿಂದ ಒಬ್ಬ ಸಂಸದ ಹುಟ್ಟಿದ, ಒಂದು ವಿಚಾರ ಹುಟ್ಟಲಿಲ್ಲ. ಯಾವ ಪಕ್ಷವೂ ಅದನ್ನು ತನ್ನ ತತ್ತ್ವವಾಗಿ ಬೆಳೆಸಲಿಲ್ಲ.

ಬೀಳಗಿ ತಾಲ್ಲೂಕಿನ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದಾಗಲೂ ಹಾಗೇ ಆಯಿತು. ಗುಡಿ, ಗದ್ದಿಗೆ, ಅಗಸಿ, ಓಣಿ ಎಲ್ಲವೂ ಮುಳುಗುವಾಗ ಪರಂಪರೆ ಎಂದರೇನು ಎಂದು ಕೇಳಲು ಅದಕ್ಕಿಂತ ದೊಡ್ಡ ಸಂದರ್ಭ ಬರಲಾರದು. ನೀರಾವರಿ ಬೇಕೇ ಬೇಕಿತ್ತು. ಆದರೆ ಕಳೆದುಕೊಳ್ಳುವುದರ ಲೆಕ್ಕ ಹೇಳಬೇಕಾದವರು ಎಕರೆಯ ಪರಿಹಾರದ ದರದಲ್ಲೇ ನಿಂತರು.

ಇಡೀ ನಾಡಿನಲ್ಲೂ ಕಾರಣ ಕೊಟ್ಟು ವಾದಿಸುವ ಈ ಧಾರೆ ಒಂದು ಕಾಲಕ್ಕೆ ತುಂಬಿ ಹರಿದಿತ್ತು. ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದರು. ಎಂಬತ್ತರ ವಯಸ್ಸಿನಲ್ಲಿ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ವಾರ ವಾರ 'ಸ್ವರಾಜ್ಯ'ದಲ್ಲಿ ಬರೆದರು. 1967ರಲ್ಲಿ 44 ಸ್ಥಾನ ಗೆದ್ದ ಆ ಪಕ್ಷ 1974ಕ್ಕೆ ಇನ್ನೊಂದರಲ್ಲಿ ಕರಗಿತು. ಜನಸಂಘದಲ್ಲಿ ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರಿದ್ದರು. ಗೋವಾ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು, ಭೋಪಾಲದಿಂದ ಲೋಕಸಭೆಗೆ ಹೋದವರು. ವಿರೋಧಿಯನ್ನು ನಗಿಸುತ್ತಲೇ ಖಂಡಿಸುವುದು ಅವರಿಗೆ ಸಿದ್ಧಿಸಿತ್ತು.

ಅಮೆರಿಕದಲ್ಲಿಯೂ ಇದೇ ಹಳಹಳಿ ಕೇಳುತ್ತಿದೆ. ಅಲ್ಲಿ ರಸೆಲ್ ಕರ್ಕ್ 1953ರಲ್ಲಿ ಸಂಪ್ರದಾಯಶೀಲ ಚಿಂತನೆಯ ಚರಿತ್ರೆ ಬರೆದರು. ವಿಲಿಯಂ ಬಕ್ಲಿ 1955ರಲ್ಲಿ 'ನ್ಯಾಷನಲ್ ರಿವ್ಯೂ' ಆರಂಭಿಸಿದರು, 1966ರಿಂದ 99ರವರೆಗೆ ದೂರದರ್ಶನದಲ್ಲಿ ವಿರೋಧಿಗಳನ್ನೇ ಕರೆದು ಕೂರಿಸಿ ವಾದಿಸಿದರು. 2018ರಲ್ಲಿ ಅದೇ ಧಾರೆಯ 'ವೀಕ್ಲಿ ಸ್ಟ್ಯಾಂಡರ್ಡ್' ಪತ್ರಿಕೆ ಮುಚ್ಚಿತು. 2020ರಲ್ಲಿ ರಿಪಬ್ಲಿಕನ್ ಪಕ್ಷ ಹೊಸ ಧೋರಣಾ ಪತ್ರವನ್ನೇ ಬರೆಯದೆ ಚುನಾವಣೆಗೆ ಹೋಯಿತು.

ನಮ್ಮಲ್ಲಿ ಹೀಗೆ ಯಾಕಾಯಿತು? ವಕೀಲರೂ ಮಾಸ್ತರರೂ ನಿಲ್ಲುತ್ತಿದ್ದ ಚುನಾವಣೆಗೆ ಈಗ ಕೋಟಿಗಳು ಬೇಕು. ಕಬ್ಬು, ಸಕ್ಕರೆ ಕಾರ್ಖಾನೆ, ಗುತ್ತಿಗೆಗಳ ರೊಕ್ಕವಿಲ್ಲದೆ ಟಿಕೆಟ್ಟಿನ ಮಾತೇ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಸದಸ್ಯ ವಿಪ್‌ ಹೇಳಿದಂತೆ ಕೈ ಎತ್ತಬೇಕು. ವಾದದಿಂದ ಒಂದು ಮತವೂ ಆಚೀಚೆ ಆಗದಿದ್ದರೆ ವಾದ ಕಲಿಯುವವರು ಯಾರು? ಜಾತಿಯ ಲೆಕ್ಕ ಮೊದಲೂ ಇತ್ತು, ಈಗ ಬೇರೆ ಲೆಕ್ಕವೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂಜಿಕೆ. ಬಸವ ಸಮಿತಿಯ ಬಹುಭಾಷಾ ವಚನ ಸಂಪುಟದ ಪ್ರಧಾನ ಸಂಪಾದಕರಾಗಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಕೊಡುತ್ತಿದ್ದ ಹಳಕಟ್ಟಿಯವರ ಸೀಮೆಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಆ ಹಿರಿಯರು ದೇವತೆಗಳಾಗಿರಲಿಲ್ಲ. ಅವರ ಪಡಸಾಲೆಗೆ ಹೆಂಗಸರಿಗೂ ದಲಿತರಿಗೂ ಪ್ರವೇಶ ಕಡಿಮೆ. ಅವರ ನಿರ್ಣಯಗಳನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಅವರ ಶಿಸ್ತು ಬೇಕು, ಅದೂ ಎಲ್ಲರಿಗೂ ತೆರೆದ ಜಗಲಿಯ ಮೇಲೆ.

ಅದಕ್ಕಾಗಿ ನಮ್ಮ ನಾಲ್ಕೂ ಊರಿನ, ಎಲ್ಲ ಪಕ್ಷಗಳ, ಮುಖ್ಯವಾಗಿ ಪರಂಪರೆಯ ಹೆಸರಲ್ಲಿ ಮತ ಕೇಳುವ ಗೆಳೆಯರಲ್ಲಿ ಒಂದು ವಿನಂತಿ. ಪಕ್ಷದ ಕಚೇರಿಯಲ್ಲಿ ಬ್ಯಾನರುಗಳ ಪಕ್ಕ ಪುಸ್ತಕದ ಒಂದು ಕಪಾಟು ಇಡಿ. ತಿಂಗಳಿಗೊಮ್ಮೆ ಎದುರು ಪಕ್ಷದವರನ್ನು ಕರೆದು ಚಹಾ ಕೊಟ್ಟು, ಅವರ ಮಾತನ್ನು ಪೂರ್ತಿ ಕೇಳಿ, ಆಮೇಲೆ ಉತ್ತರಿಸಿ. ತಾಲ್ಲೂಕಿನ ಗ್ರಂಥಾಲಯಗಳಿಗೆ ಹಳಕಟ್ಟಿ, ರಾನಡೆ, ಡಿ.ವಿ.ಜಿ.ಯವರ ಪುಸ್ತಕಗಳನ್ನೂ, ಅವರನ್ನು ಒಪ್ಪದವರ ಪುಸ್ತಕಗಳನ್ನೂ ತರಿಸಿ. ಯಾಕೆ ಉಳಿಸಬೇಕೆಂದು ಹೇಳಲು ಬಾರದವರ ಕೈಯಲ್ಲಿ ಯಾವ ಪರಂಪರೆಯೂ ಉಳಿದಿಲ್ಲ, ಉಳಿಯುವುದೂ ಇಲ್ಲ.