ಗುರುವಿಲ್ಲದ ಓದು

ಶಾಲೆಯಲ್ಲಿ ಓದುವವನಿಗೆ ಗಂಟೆ ಬಾರಿಸುವವರಿದ್ದಾರೆ, ಪಾಠ ಒಪ್ಪಿಸಿಕೊಳ್ಳುವವರಿದ್ದಾರೆ, ತಪ್ಪಿದಲ್ಲಿ ಕೆಂಪು ಶಾಯಿಯ ಗೆರೆ ಎಳೆಯುವವರಿದ್ದಾರೆ. ಹಗಲೆಲ್ಲ ದುಡಿದು, ರಾತ್ರಿ ಊಟವಾದ ಮೇಲೆ ತನ್ನಷ್ಟಕ್ಕೆ ತಾನೇ ಪುಸ್ತಕ ತೆರೆಯುವವನಿಗೆ ಇವರಾರೂ ಇಲ್ಲ. ಗಣಕಯಂತ್ರಗಳ ಜಾಲವನ್ನು ಕಟ್ಟಿ ಕಾಪಾಡುವ ಉದ್ಯೋಗವನ್ನು ಬಯಸುವ ಎಷ್ಟೋ ಮಂದಿ ಹೀಗೆ ಓದುತ್ತಾರೆ. ಅವರಲ್ಲಿ ಅನೇಕರ ಗುರಿ, ಅಮೆರಿಕದ ಸಿಸ್ಕೊ ಸಂಸ್ಥೆ 1998ರಲ್ಲಿ ಆರಂಭಿಸಿದ ಸಿ.ಸಿ.ಎನ್.ಎ. ಎಂಬ ಪ್ರಮಾಣಪತ್ರ. ಅದರ ಪರೀಕ್ಷೆಗೆ ಕೂರಲು ಪದವಿ ಬೇಡ, ತರಗತಿಯ ಹಾಜರಿ ಬೇಡ. ಶುಲ್ಕ ತೆತ್ತು 120 ನಿಮಿಷಗಳಲ್ಲಿ ಉತ್ತರಿಸಿದರಾಯಿತು. ಬಾಗಿಲು ಇಷ್ಟು ಅಗಲವಾಗಿರುವುದರಿಂದಲೇ ಒಳಗಿನ ಹಾದಿಯೂ ಸುಲಭವೆಂದು ಹಲವರು ಎಣಿಸುವುದುಂಟು.

ಮೊದಲ ತೊಡಕು ವಿಳಾಸಗಳ ಲೆಕ್ಕದಲ್ಲಿ. ಅಂಚೆಯವನಿಗೆ ಮನೆಯ ವಿಳಾಸ ಬೇಕಾಗುವಂತೆ ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಯಂತ್ರ ಬಲ್ಲ ಅಂಕೆಗಳು 0 ಮತ್ತು 1 ಮಾತ್ರ. ವಿಳಾಸದ ಒಂದೊಂದು ಭಾಗವೂ ಅಂಥ ಎಂಟು ಅಂಕೆಗಳ ಸಾಲು. ಅವುಗಳ ಸ್ಥಾನಬೆಲೆ 128ರಿಂದ ಅರ್ಧರ್ಧವಾಗಿ ಇಳಿದು 1ಕ್ಕೆ ಬರುತ್ತದೆ. 192.168.1.0ರಿಂದ 192.168.1.255ರವರೆಗೆ 256 ವಿಳಾಸಗಳಿವೆ. ಅವನ್ನು ನಾಲ್ಕು ಸಮಪಾಲು ಮಾಡಿದರೆ ಒಂದೊಂದು ಪಾಲಿಗೆ 64. ಆದರೆ ಪ್ರತಿ ಪಾಲಿನ ಮೊದಲನೆಯದು ಆ ಪಾಲಿನ ಹೆಸರಿಗೆ, ಕಡೆಯದು ಅಲ್ಲಿರುವ ಎಲ್ಲರಿಗೂ ಒಮ್ಮೆಗೇ ಸಾರಿ ಹೇಳುವುದಕ್ಕೆ ಮೀಸಲು; ಯಂತ್ರಗಳಿಗೆ ದಕ್ಕುವುದು 62 ಮಾತ್ರ. ಓದುವಾಗ ಇದು ನೀರು ಕುಡಿದಷ್ಟು ಸುಲಭ. ಪುಸ್ತಕ ಮುಚ್ಚಿ, 192.168.1.70 ಯಾವ ಪಾಲಿಗೆ ಸೇರಿತೆಂದು ತನ್ನನ್ನೇ ಕೇಳಿಕೊಂಡಾಗ ನಾಲಗೆ ತಡವರಿಸುತ್ತದೆ.

ಇಂಥವರನ್ನು ಏಕಲವ್ಯನಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ಪೂರ್ತಿ ಸರಿಯಲ್ಲ. ಏಕಲವ್ಯನ ಬಾಣ ಗುರಿ ತಪ್ಪಿದರೆ ಆ ಕ್ಷಣವೇ ಕಣ್ಣಿಗೆ ಕಾಣುತ್ತಿತ್ತು. ಬರಿಯ ಓದಿನಲ್ಲಿ ತಪ್ಪು ಹಾಗೆ ಕಾಣುವುದಿಲ್ಲ. ಅದಕ್ಕೆಂದೇ ಜಾಣನಾದವನು ಪ್ಯಾಕೆಟ್ ಟ್ರೇಸರ್ ಎಂಬ, ಹಣ ಕೊಡದೆ ದೊರೆಯುವ ತಂತ್ರಾಂಶವನ್ನು ತೆರೆದು, ಪರದೆಯ ಮೇಲೆಯೇ ಜಾಲವನ್ನು ಕಟ್ಟಿ ನೋಡುತ್ತಾನೆ. ವಿಳಾಸಗಳೆಲ್ಲ ಸರಿ, ತಂತಿಗಳೆಲ್ಲ ಸರಿ. ಆದರೂ ಸಂದೇಶ ಆಚೆಗೆ ದಾಟದು. ಗುರುವಿದ್ದಿದ್ದರೆ ಒಂದು ನಿಮಿಷದ ಮಾತು. ಒಂಟಿಯಾಗಿ ಕುಳಿತವನು ನಡುರಾತ್ರಿಯವರೆಗೆ ಒಂದೊಂದೇ ಸಾಲನ್ನು ತಡಕಿ, ಜಾಲ ಜಾಲಗಳನ್ನು ಬೆಸೆಯುವ ರೂಟರ್ ತನ್ನ ದ್ವಾರಗಳನ್ನು ಮೊದಲಿಗೆ ಮುಚ್ಚಿಕೊಂಡೇ ಇರುತ್ತದೆಂಬುದನ್ನು ಕಂಡುಕೊಳ್ಳುತ್ತಾನೆ. ‘ನೋ ಷಟ್‌ಡೌನ್’ ಎಂಬ ಆಜ್ಞೆ ಕೊಟ್ಟೊಡನೆ ಕೆಂಪು ಗುರುತು ಹಸಿರಾಗುತ್ತದೆ. ಆ ಎರಡು ಪದಗಳನ್ನು ಅವನು ಇನ್ನು ಮರೆಯಲಾರ.

ಅಡ್ಡದಾರಿಯೂ ಉಂಟು. ಹಿಂದೆ ಪರೀಕ್ಷೆಗೆ ಕುಳಿತವರು ಕದ್ದು ತಂದ ಪ್ರಶ್ನೆಗಳನ್ನು ಮಾರುವವರಿದ್ದಾರೆ. ಅವನ್ನು ಉರು ಹೊಡೆದು ತೇರ್ಗಡೆಯಾಗುವವರೂ ಇದ್ದಾರೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗಬಹುದು. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ: ಆಸ್ಪತ್ರೆಯೊಂದರ ಜಾಲ ಕೆಟ್ಟು ನಿಂತ ದಿನ ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ.

ಪರೀಕ್ಷಾ ಕೇಂದ್ರದಲ್ಲಿ ಕೈಗಡಿಯಾರ, ದೂರವಾಣಿ ಹೊರಗೇ ಉಳಿಯುತ್ತವೆ. ಉತ್ತರಿಸಿ ಮುಂದೆ ಸಾಗಿದ ಪ್ರಶ್ನೆಗೆ ಮರಳಿ ಬರುವಂತಿಲ್ಲ. ಒರಸಿ ಬರೆಯಬಹುದಾದ ಒಂದು ಹಲಗೆ, ಒಂದು ಲೇಖನಿ ಕೊಡುತ್ತಾರೆ. ಅಭ್ಯಾಸ ಮಾಡಿ ಬಂದವನು ಪರೀಕ್ಷೆ ಆರಂಭವಾದೊಡನೆ ಆ ಹಲಗೆಯ ಮೇಲ್ತುದಿಯಲ್ಲಿ 128, 64, 32, 16, 8, 4, 2, 1 ಎಂದು ಬರೆದಿಟ್ಟುಕೊಂಡು, ಒಂದನೆಯ ಪ್ರಶ್ನೆಯನ್ನು ಓದತೊಡಗುತ್ತಾನೆ.