ಚಂದ್ರಶಿಲೆಗೆ ಪೂರ್ವಪೀಠಿಕೆ

ನನಗಿರುವ ವ್ಯಸನಗಳಲ್ಲೆಲ್ಲ ಅತ್ಯಂತ ಅಗ್ಗದ್ದು ಯಾವುದೆಂದು ಯಾರಾದರೂ ಕೇಳಿದರೆ, ಕುಳಿತಲ್ಲಿಂದ ಏಳದೆಯೇ ಪರ್ವತಾರೋಹಣ ಮಾಡುವುದು ಎಂದು ಹೇಳಬೇಕಾದೀತು. ರಾತ್ರಿಯ ಊಟವಾಗಿ, ಮನೆಯವರೆಲ್ಲ ಮಲಗಿ, ಬೀದಿಯ ಸದ್ದಡಗಿದ ಮೇಲೆ ಮೇಜಿನ ಮೇಲೊಂದು ಭೂಪಟವನ್ನು ಹರಡಿ, ಸುರುಳಿ ಸುತ್ತಿಕೊಳ್ಳಲು ಹವಣಿಸುವ ಅದರ ಮೂಲೆಗಳ ಮೇಲೆ ಕೈಗೆ ಸಿಕ್ಕ ನಿಘಂಟನ್ನೋ ನೀರಿನ ಚೊಂಬನ್ನೋ ಹೇರಿ, ಪೆನ್ಸಿಲಿನ ತುದಿಯನ್ನು ಕಣಿವೆಯಿಂದ ಕಣಿವೆಗೆ ನಡೆಸಿಕೊಂಡು ಹೋಗುವಾಗ ಒದಗುವ ತೃಪ್ತಿ, ನಿಜವಾದ ಶಿಖರದ ಮೇಲೆ ಗಾಳಿಗೆ ಕಿವಿ ಮುಚ್ಚಿಕೊಂಡು ನಿಂತಾಗ ಒದಗುವುದಕ್ಕಿಂತ ಕಡಮೆಯದೆಂದು ನಾನು ಒಪ್ಪಲಾರೆ. ಶಿಖರದ ಮೇಲಿನದು ಕಾಲು ಗಂಟೆಯ ವೈಭವ. ಅದರ ಪೂರ್ವಪೀಠಿಕೆಯಾದರೋ ತಿಂಗಳುಗಟ್ಟಲೆ ಮೆಲುಕು ಹಾಕಬಹುದಾದದ್ದು.

ಈ ಸಲದ ಪೂರ್ವಪೀಠಿಕೆಗೆ ನಿಮಿತ್ತಳಾದವಳು ನನ್ನ ಅಕ್ಕ. ಜೀವಮಾನವೆಲ್ಲ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ, ನಿವೃತ್ತಳಾಗಿ, ಈಗ ಮೈಸೂರಿನ ಮನೆಯಲ್ಲಿ ನನ್ನ ಲೆಕ್ಕಗಳನ್ನು ತಿದ್ದುವುದನ್ನೇ ಉದ್ಯೋಗ ಮಾಡಿಕೊಂಡಿರುವ ಆಕೆ ಒಂದು ಸಂಜೆ, "ಹಿಮಾಲಯ ನೋಡ್ಬೇಕು ಕಣೋ. ಆದ್ರೆ ನೋಡಿ ವಾಪಸ್ಸೂ ಬರ್ಬೇಕು," ಎಂದಳು. ಚಾರಣವನ್ನು ಕುರಿತ ಗ್ರಂಥಗಳು ಅಧ್ಯಾಯಗಟ್ಟಲೆ ಹೇಳುವುದನ್ನೆಲ್ಲ ಎರಡೇ ವಾಕ್ಯಗಳಲ್ಲಿ ಅಡಗಿಸಿದ ಈ ಸೂತ್ರಕ್ಕೆ ಭಾಷ್ಯ ಬರೆಯುವ ಕೆಲಸ ಮಾತ್ರ ನನ್ನ ಪಾಲಿಗೆ ಉಳಿಯಿತು.

ಭಾಷ್ಯದ ಮೊದಲ ಪ್ರಶ್ನೆ, ಎಲ್ಲಿಗೆ ಎಂಬುದು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರು. ಹಿಮಾಲಯದ ಎಷ್ಟೋ ಹಳ್ಳಿಗಳಲ್ಲಿ ಬಸ್ಸಿನಿಂದ ಇಳಿದವನು ಮೊದಲ ಲೋಟ ಚಹಾ ಕುಡಿಯುವುದೇ ಅದಕ್ಕಿಂತ ಮೇಲೆ. ಆದಕಾರಣ ನಮ್ಮ ಕಡೆಯ ಶ್ವಾಸಕೋಶಗಳನ್ನು ಹೊತ್ತು ಮೊದಲ ಬಾರಿಗೆ ಅಲ್ಲಿಗೆ ಹೋಗುವವರು ಬೆಟ್ಟವನ್ನು ಆರಿಸುವಾಗ ಶಿಖರದ ಕೀರ್ತಿಗಿಂತ ಮುಂಚಿತವಾಗಿ ರಾತ್ರಿ ಮಲಗುವ ಜಾಗದ ಎತ್ತರವನ್ನು ನೋಡಬೇಕೆಂಬುದು ನನ್ನ ದೃಢವಾದ ಮತ. ಹಗಲು ಎಷ್ಟೇ ಮೇಲಕ್ಕೆ ಏರಲಿ, ರಾತ್ರಿ ತಗ್ಗಿಗೆ ಇಳಿದು ಮಲಗುವಂತಿರಬೇಕು. ಬೇಡವೆನಿಸಿದ ಕ್ಷಣದಲ್ಲಿ ಬೆನ್ನು ತಿರುಗಿಸಿದರೆ ಕೆಲವೇ ಗಂಟೆಗಳಲ್ಲಿ ಮೋಟಾರು ರಸ್ತೆ ಸಿಕ್ಕುವಂತಿರಬೇಕು. ಇಷ್ಟು ವಿನಯದಿಂದ ನಡೆದುಕೊಂಡವನಿಗೂ ಕಡೆಯಲ್ಲಿ ಹಿಮಶಿಖರಗಳ ಪೂರ್ಣದರ್ಶನವಾಗುವಂತಿರಬೇಕು. ಈ ಮೂರನ್ನೂ ಒಟ್ಟಿಗೆ ಕೊಡತಕ್ಕ ಬೆಟ್ಟಗಳು ಹಿಮಾಲಯದಲ್ಲಿಯೂ ಬಹಳವಿಲ್ಲ. ಗಢ್ವಾಲದ ಚಂದ್ರಶಿಲೆ ಅಂಥದೊಂದು.

ಸುಮಾರು 4,000 ಮೀಟರು ಎತ್ತರದ ಈ ಶಿಖರದ ಹೆಗಲ ಮೇಲೆ, 3,680 ಮೀಟರಿನಲ್ಲಿ, ಪಂಚಕೇದಾರಗಳಲ್ಲಿ ಮೂರನೆಯದಾದ ತುಂಗನಾಥ ದೇವಾಲಯವಿದೆ. ಕುರುಕ್ಷೇತ್ರದ ಪಾಪವನ್ನು ಕಳೆದುಕೊಳ್ಳಲು ಹುಡುಕಿಕೊಂಡು ಬಂದ ಪಾಂಡವರ ಕಣ್ತಪ್ಪಿಸುವುದಕ್ಕಾಗಿ ಶಿವನು ವೃಷಭರೂಪ ತಾಳಿ ಭೂಮಿಯೊಳಗೆ ಇಳಿದಾಗ ಅವನ ಬಾಹುಗಳು ಮೇಲೆದ್ದ ಸ್ಥಳ ಇದೆಂದು ಪ್ರತೀತಿ. ಅದರ ಕೆಳಗೆ, 2,700 ಮೀಟರಿನ ಆಸುಪಾಸಿನಲ್ಲಿ, ಮೋಟಾರು ರಸ್ತೆಯ ಬದಿಗೆ ನಾಲ್ಕಾರು ಅಂಗಡಿಗಳೂ ತಂಗುದಾಣಗಳೂ ಸೇರಿ ಆದ ಚೋಪ್ತಾ. ಇನ್ನೂ ಕೆಳಗೆ, 2,000 ಮೀಟರಿನಲ್ಲಿ, ಮೆಟ್ಟಿಲು ಹೊಲಗಳ ನಡುವಣ ಸಾರಿ ಎಂಬ ಹಳ್ಳಿ. ಸಾರಿಯಿಂದ ಮೂರು ಕಿಲೋಮೀಟರಿಗೂ ಕಡಮೆಯಾದ ಕಲ್ಲುದಾರಿಯನ್ನು ಹತ್ತಿದರೆ ದೇವರಿಯಾ ತಾಲ್ ಎಂಬ ಸರೋವರ ಸಿಕ್ಕುತ್ತದೆ. ಬೆಳಗಿನ ಗಾಳಿಯೇಳುವ ಮೊದಲು 7,138 ಮೀಟರಿನ ಚೌಖಂಬಾ ಅದರ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುವುದುಂಟು. ಯಕ್ಷನು ಧರ್ಮರಾಯನನ್ನು ಪ್ರಶ್ನಿಸಿದ್ದು ಇದೇ ಕೊಳದ ದಂಡೆಯಲ್ಲಿ ಎಂದು ಆ ಕಡೆಯವರ ನಂಬಿಕೆ. ಅಷ್ಟೊಂದು ಪ್ರಶ್ನೆ ಕೇಳುವವನು ನಿವೃತ್ತ ಅಧ್ಯಾಪಕನೇ ಇರಬೇಕೆಂದು ನಾನು ಹೇಳಿದ್ದನ್ನು ಅಕ್ಕ ಕೇಳಿಸಿಕೊಳ್ಳಲಿಲ್ಲ.

ಈ ಹೆಸರುಗಳನ್ನು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡ ಮೇಲೆ ಪೆನ್ಸಿಲಿಗಿಂತ ಅದರ ಹಿಂಬದಿಯ ರಬ್ಬರು ಬೇಗ ಸವೆಯತೊಡಗುತ್ತದೆ. ದೇವರಿಯಾ ತಾಲ್‌ನಿಂದ ಚೋಪ್ತಾಕ್ಕೆ ಕಾಡಿನೊಳಗಿಂದಲೇ ಒಂದು ದಾರಿಯಿದೆ. ಓಕ್ ಮರಗಳ ನೆರಳು, ನಡುವೆ ಹುಲ್ಲುಗಾವಲು, ಅದೃಷ್ಟವಿದ್ದರೆ ಪೊದೆಯಿಂದ ಭರ್ರನೆ ಏಳುವ ಮೋನಾಲ್ ಪಕ್ಷಿ. ನನಗೆ ಬಲು ಇಷ್ಟವಾದ ದಾರಿ. ಆದರೆ ಹದಿನೈದು ಕಿಲೋಮೀಟರಿಗೂ ಮಿಕ್ಕಿ ಏರಿಳಿಯುವ, ಮಧ್ಯದಲ್ಲಿ ರಸ್ತೆಯ ಸುಳಿವೇ ಇಲ್ಲದ ಇಡೀ ದಿನದ ನಡಿಗೆಯದು. ಅಕ್ಕನ ಸೂತ್ರದ ಎರಡನೆಯ ವಾಕ್ಯವನ್ನು ನೆನೆದು ಅಳಿಸಿದೆ. ಎತ್ತರದ ಹುಲ್ಲುಗಾವಲಿನಲ್ಲಿ ಡೇರೆ ಹೂಡಿ ಮಲಗಬೇಕೆಂಬುದು ಆಕೆಯ ಆಸೆಯಾಗಿತ್ತು. ಬುಗ್ಯಾಲ್ ಎಂದು ಕರೆಯುವ ಆ ಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರಲ್ಲಿ ನಿಷೇಧಿಸಿತು. ವರ್ಷದಲ್ಲಿ ಆರು ತಿಂಗಳು ಹಿಮದಡಿಯಲ್ಲಿರುವ ಹುಲ್ಲನ್ನು ಮಿಕ್ಕ ಆರು ತಿಂಗಳು ನಮ್ಮ ಬೆನ್ನಿನಡಿಯಲ್ಲಿ ಇರಿಸುವುದು ನ್ಯಾಯವಲ್ಲವೆಂದು ನನಗೂ ತೋರುವುದರಿಂದ ಅದನ್ನೂ ಅಳಿಸಿದೆ. ಉಳಿದದ್ದು ಇಷ್ಟು: ಸಾರಿಯಲ್ಲಿ ಎರಡು ರಾತ್ರಿ, ನಡುವಣ ಹಗಲಿನಲ್ಲಿ ಸರೋವರಕ್ಕೆ ಹತ್ತಿ ಇಳಿಯುವುದು, ಆಮೇಲೆ ವಾಹನದಲ್ಲಿ ಚೋಪ್ತಾ, ಅಲ್ಲಿ ಎರಡು ರಾತ್ರಿ, ನಡುವಣ ಹಗಲಿನಲ್ಲಿ ತುಂಗನಾಥ ಮತ್ತು ಚಂದ್ರಶಿಲೆ. ಯಾವ ರಾತ್ರಿಯೂ ನಾವು 2,700 ಮೀಟರಿಗಿಂತ ಮೇಲೆ ತಲೆಯಿಡುವುದಿಲ್ಲ.

ಇಷ್ಟಾದ ಮೇಲೆ ಭೂಪಟದ ನಿಜವಾದ ರಸ ಮೊದಲಾಗುತ್ತದೆ. ಅದರ ಮೈಮೇಲೆಲ್ಲ ಹರಿದಾಡಿರುವ ಕಂದುಬಣ್ಣದ ಸಮೋನ್ನತ ರೇಖೆಗಳು, ಕಲ್ಯಾಣಿಯ ನೀರು ಬೇಸಗೆಯಲ್ಲಿ ಇಳಿದಂತೆಲ್ಲ ಗೋಡೆಯ ಮೇಲೆ ಒಂದರ ಕೆಳಗೊಂದು ಉಳಿದುಕೊಳ್ಳುವ ಗುರುತುಗಳ ಹಾಗೆ, ಸಮಾನವಾದ ಎತ್ತರದ ಸ್ಥಳಗಳನ್ನು ಪೋಣಿಸುತ್ತ ಬೆಟ್ಟವನ್ನು ಸುತ್ತಿ ಬರುತ್ತವೆ. ರೇಖೆಗಳು ಒತ್ತೊತ್ತಾಗಿ ಬಂದ ಕಡೆ ಮೊಣಕಾಲಿಗೆ ಕೇಡು. ಬಿಡಿಬಿಡಿಯಾಗಿ ಹರಡಿದ ಕಡೆ ಕುಳಿತು ಬುತ್ತಿ ಬಿಚ್ಚಲು ಜಾಗ. ಬೆಟ್ಟದ ಕಡೆಗೆ ಒಳಸರಿದು ಚೂಪಾದರೆ ಅಲ್ಲೊಂದು ತೊರೆಯಿರಬೇಕು. ಹೊರಚಾಚಿದರೆ ಗಾಳಿ ಬೀಸುವ ಏಣು. ಇದಿಷ್ಟು ಅಕ್ಷರಾಭ್ಯಾಸವಾದವನಿಗೆ ಕಾಗದದ ಮೇಲೆಯೇ ಏದುಸಿರು ಬರುವುದು ಅತಿಶಯೋಕ್ತಿಯಲ್ಲ. ಕಾಳಿದಾಸನು ಕುಮಾರಸಂಭವದ ಪ್ರಾರಂಭದಲ್ಲಿಯೇ ಹಿಮಾಲಯವನ್ನು ತಂದು ನಿಲ್ಲಿಸಿದನಷ್ಟೆ. ಅದನ್ನು ಹತ್ತಲು ಎಷ್ಟು ಹೊತ್ತು ಬೇಕೆಂಬುದನ್ನು ಮಾತ್ರ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಬೇಕಾಯಿತು. ಸಮತಟ್ಟಿನಲ್ಲಿ ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಮೇಲೊಂದು ಗಂಟೆ ಎಂಬುದು ಅವನ ನಿಯಮ. ಇಂದಿನ ಅಳತೆಯಲ್ಲಿ ಸುಮಾರಾಗಿ ಗಂಟೆಗೆ ಐದು ಕಿಲೋಮೀಟರು, ಏರಿದ 600 ಮೀಟರಿಗೆ ಇನ್ನೊಂದು ಗಂಟೆ.

ಈ ನಿಯಮವನ್ನು ಕೇಳಿದೊಡನೆ ಅಕ್ಕ ಕನ್ನಡಕ ಹಾಕಿಕೊಂಡು ನನ್ನ ಪುಸ್ತಕವನ್ನು ಎಳೆದುಕೊಂಡಳು. ಚೋಪ್ತಾದಿಂದ ತುಂಗನಾಥಕ್ಕೆ ನಾಲ್ಕು ಕಿಲೋಮೀಟರು, ಏರು ಒಂದು ಸಾವಿರ ಮೀಟರು. ನಲವತ್ತೆಂಟು ನಿಮಿಷವೂ ನೂರು ನಿಮಿಷವೂ ಸೇರಿ ಎರಡೂವರೆ ಗಂಟೆ. ಅಲ್ಲಿಂದ ಶಿಖರಕ್ಕೆ ಒಂದೂವರೆ ಕಿಲೋಮೀಟರಿನ ಕಡಿದಾದ ದಾರಿ, ಐವತ್ತು ನಿಮಿಷ. ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷವೆಂದು ಬರೆದು, ಒಂದು ಕ್ಷಣ ನೋಡಿ, "ಆ ಮಹಾರಾಯನಿಗೆ ನನ್ನ ಮಂಡಿ ಗೊತ್ತಿರಲಿಲ್ಲ," ಎನ್ನುತ್ತ ಮೊತ್ತವನ್ನು ಒಂದೂವರೆಯಿಂದ ಗುಣಿಸಿದಳು. ಐದು ಗಂಟೆ. ಎತ್ತರದ ತೆಳುಗಾಳಿಯಲ್ಲಿ ಹೊಸಬರಿಗೆ ಆ ಗುಣಾಕಾರ ಮಂಡಿಯ ಕಾರಣವಿಲ್ಲದಿದ್ದರೂ ಅಗತ್ಯವೇ ಆದದ್ದು. ಬಿಸಿಲೇರಿದ ಮೇಲೆ ಕಣಿವೆಯಿಂದ ಮೋಡಗಳೇಳುವ ವಾಡಿಕೆಯುಂಟಾದ್ದರಿಂದ ಹತ್ತು ಗಂಟೆಯೊಳಗೆ ಮೇಲಿರಬೇಕು. ಹಾಗಾದರೆ ಬೆಳಗಿನ ಐದಕ್ಕೆ ಹೊರಡಬೇಕು. ಹಾಗಾದರೆ ಹಣೆಗೆ ಕಟ್ಟುವ ದೀಪ ಬೇಕು. ಭೂಪಟದ ಒಂದು ಕಂದುಗೆರೆಯಿಂದ ಹೊರಟು ತರ್ಕವು ಹೀಗೆ ಹೆಜ್ಜೆ ಹೆಜ್ಜೆಯಾಗಿ ಇಳಿದು ಬ್ಯಾಟರಿಯ ಅಂಗಡಿಗೆ ಬಂದು ಮುಟ್ಟುವುದನ್ನು ನೋಡುವುದೇ ನನಗೊಂದು ವಿನೋದ.

ತೆಳುಗಾಳಿಯ ಮಾತು ಬಂದದ್ದರಿಂದ ವಿನೋದವನ್ನು ಬದಿಗಿಟ್ಟು ಒಂದೆರಡು ಮಾತು. ಚಂದ್ರಶಿಲೆಯ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಆಮ್ಲಜನಕದ ಪ್ರಮಾಣ ಎಲ್ಲೆಡೆಯಂತೆ ಶೇಕಡಾ 21ರಷ್ಟೇ ಇದ್ದರೂ ಒಂದೊಂದು ಉಸಿರಿಗೂ ದಕ್ಕುವುದು ಅಷ್ಟೇ ಕಡಮೆ. 2,500 ಮೀಟರನ್ನು ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ, ಅಕಾರಣವಾದ ಆಯಾಸ ಕಾಣಿಸಿಕೊಳ್ಳಬಹುದು. ದಿನವೂ ವ್ಯಾಯಾಮ ಮಾಡುವ ತರುಣನನ್ನೂ ಅದು ಬಿಡುವುದಿಲ್ಲ. ತಲೆನೋವಿದ್ದಾಗ ಮುಂದಕ್ಕೆ ಹತ್ತಕೂಡದು, ಹೆಚ್ಚಾದರೆ ತಡಮಾಡದೆ ಇಳಿಯಬೇಕು, ಮಾತ್ರೆಯ ವಿಚಾರವನ್ನು ಹೊರಡುವ ಮುಂಚೆ ವೈದ್ಯರಲ್ಲಿ ಕೇಳಬೇಕು. ಇದರಲ್ಲಿ ಶೌರ್ಯಕ್ಕೆ ಎಡೆಯಿಲ್ಲ.

ಋತುವಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಬಹುದಿನದ ವಾದ ನಡೆಯಿತು. ಏಪ್ರಿಲಿನಲ್ಲಿ ಆ ಇಳಿಜಾರುಗಳು ಬುರಾಂಶದ ಕೆಂಪು ಹೂಗಳಿಂದ ಹೊತ್ತಿಕೊಂಡಿರುತ್ತವೆ. ಆದರೆ ತುಂಗನಾಥನ ಬಾಗಿಲು ಸಾಮಾನ್ಯವಾಗಿ ವೈಶಾಖದಲ್ಲಿ ತೆರೆಯುವವರೆಗೆ ದೇವರು ಕೆಳಗಿನ ಮಕ್ಕೂಮಠದಲ್ಲಿಯೇ ಇರುತ್ತಾನೆ. ಮೇ ತಿಂಗಳಲ್ಲಿ ಬಾಗಿಲು ತೆರೆದಿರುವುದು, ದಾರಿ ಯಾತ್ರಿಕರಿಂದ ಕಿಕ್ಕಿರಿದಿರುವುದು. ಮಳೆಗಾಲದಲ್ಲಿ ಬೆಟ್ಟವೇ ರಸ್ತೆಗೆ ಇಳಿದುಬರುತ್ತದೆ. ಕಡೆಗೆ ಗೆದ್ದದ್ದು ದಸರೆಯ ಅನಂತರದ ಅಕ್ಟೋಬರು: ಮಳೆ ತೊಳೆದಿಟ್ಟ ಆಕಾಶ, ಇನ್ನೂ ಮುಚ್ಚದ ಬಾಗಿಲು, ನಂದಾದೇವಿಯಿಂದ ಕೇದಾರಶಿಖರದವರೆಗೆ ಮರೆಯಿಲ್ಲದ ನೋಟದ ಸಂಭವ. ಹೂವುಗಳನ್ನು ಅಳಿಸಿದೆ. ಅದೊಂದು ಇನ್ನೂ ನೋಯುತ್ತದೆ.

ಗಂಟುಮೂಟೆಯ ದಿನ ನಡುಮನೆಯಲ್ಲಿ ಜಮಖಾನ ಹಾಸಿ ಇಬ್ಬರ ಸಾಮಾನನ್ನೂ ಹರಡಿದೆವು. ಮೈಗೆ ತಾಗಿಕೊಂಡು ಬೆವರನ್ನು ಹೀರಿ ಒಣಗುವ ಒಳಅಂಗಿ, ಅದರ ಮೇಲೆ ಉಣ್ಣೆಯದು, ಎಲ್ಲಕ್ಕೂ ಮೇಲೆ ಗಾಳಿಮಳೆ ತಡೆಯುವ ಮೇಲಂಗಿ. ಎತ್ತರ ಸಾವಿರ ಮೀಟರು ಹೆಚ್ಚಿದಂತೆ ಉಷ್ಣಾಂಶ ಆರೂವರೆ ಡಿಗ್ರಿಯಷ್ಟು ಇಳಿಯುವುದರಿಂದ ಇವುಗಳಲ್ಲಿ ಒಂದನ್ನೂ ಬಿಡಲಾಗದು. ಬೆವರಿಗೆ ತೊಯ್ದು ಮೈಗೆ ಅಂಟಿ ಚಳಿ ಹುಟ್ಟಿಸುವ ಹತ್ತಿಯ ಅಂಗಿಗಳನ್ನು ಹಿಂದಕ್ಕೆ ಬೀರುವಿಗೆ ಕಳುಹಿಸಿದೆ; ದಪ್ಪನೆಯ ಟವೆಲ್ಲಿನ ಜಾಗಕ್ಕೆ ಬಂದ ತೆಳುವಾದ ಪಾಣಿಪಂಚೆಗೆ ಮಾತ್ರ ವಿನಾಯಿತಿ, ಏಕೆಂದರೆ ಅದು ಚೀಲದ ಹೊರಗೆ ನೇತುಬಿಟ್ಟರೆ ನಡೆಯುತ್ತಿದ್ದಂತೆಯೇ ಆರುತ್ತದೆ. ಬೂಟುಗಳನ್ನು ಜಮಖಾನದ ಮೇಲಿಡಬೇಕಾಗಿರಲಿಲ್ಲ. ಹೊಸ ಬೂಟಿನಲ್ಲಿ ಬೆಟ್ಟಕ್ಕೆ ಹೋಗಬಾರದೆಂಬ ನಿಯಮದಂತೆ ಅಕ್ಕ ಅವನ್ನು ತಿಂಗಳಿಂದ ತರಕಾರಿ ತರುವಾಗಲೂ, ಬೆಳಗ್ಗೆ ಚೀಲ ಬೆನ್ನಿಗೇರಿಸಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ತೊಟ್ಟುಕೊಂಡೇ ಇದ್ದಳು. ಬೆಟ್ಟದ ಮೇಲೆ ಪರಿಚಯದವರು ಸಿಕ್ಕಿ ಚೀಲದಲ್ಲೇನೆಂದು ಕೇಳಿದರೆ, ಅಕ್ಕಿ ಎಂದು ನಿಜವನ್ನೇ ಹೇಳುತ್ತಿದ್ದಳು.

ಒಂದೊಂದನ್ನೂ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯುತ್ತ ಹೋದೆ. ಅವಲಕ್ಕಿ, ಚಟ್ನಿಪುಡಿ, ಕೊಬ್ಬರಿ ಬೆಲ್ಲ, ಹುರಿಗಾಳು: ಇವೆಲ್ಲ ಬೇಯಿಸಬೇಕಿಲ್ಲದ ಪದಾರ್ಥಗಳಾದ್ದರಿಂದ ತಕರಾರಿಲ್ಲದೆ ತೇರ್ಗಡೆಯಾದುವು. ತುಂಗನಾಥದ ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿದುಬಿಡುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯುವುದು ಬಲು ತಡ ಎಂದು ನಾನು ವಿವರಿಸುತ್ತಿರುವಾಗ, ಅಕ್ಕ ತನ್ನ ಸೀರೆಯ ಮಡಿಕೆಯಿಂದ ಹಿತ್ತಾಳೆಯ ಕಾಫಿ ಫಿಲ್ಟರನ್ನು ಹೊರತೆಗೆದು ಜಮಖಾನದ ನಡುವೆ ಇಟ್ಟಳು. ಮುನ್ನೂರ ನಲವತ್ತು ಗ್ರಾಮು. ಚಹಾ ಎಲ್ಲ ಕಡೆಯೂ ಸಿಕ್ಕುತ್ತದೆಯಲ್ಲ ಎಂದೆ.

"ಡಿಕಾಕ್ಷನ್‌ಗೆ ಕುದಿನೀರು ಬೇಕಿಲ್ಲ ಕಣೋ. ನೀನು ಹೇಳಿದ ಎಂಬತ್ತೆಂಟೇ ಸಾಕು."

ಭೌತಶಾಸ್ತ್ರವು ಆಕೆಯ ಪಕ್ಷದಲ್ಲಿದ್ದುದರಿಂದ ನನ್ನ ಎರಡನೆಯ ಸ್ವೆಟರನ್ನು ಹೊರಗಿಟ್ಟು ತೂಕ ಸರಿದೂಗಿಸಿದೆ.

ಕಡೆಗೆ ದಿನಚರಿಯ ಪಟ್ಟಿ. ಹರಿದ್ವಾರದಿಂದ ಬೆಳಗ್ಗೆ ಹೊರಟು, ಅಲಕನಂದೆಗೆ ಭಾಗೀರಥಿ ಸೇರಿ ಗಂಗೆಯಾಗುವ ದೇವಪ್ರಯಾಗ, ಮಂದಾಕಿನಿ ಸೇರುವ ರುದ್ರಪ್ರಯಾಗ, ಅಲ್ಲಿಂದ ಮಂದಾಕಿನಿಯ ದಡ ಹಿಡಿದು ಊಖೀಮಠ, ಸಾರಿ: ಇಡೀ ದಿನದ ಮೋಟಾರು ಪ್ರಯಾಣ. ಆಮೇಲೆ ಮೊದಲೇ ಹೇಳಿದ ನಡಿಗೆಗಳು. ಅವುಗಳ ಕೆಳಗೆ, ಹಿಂದಿರುಗುವ ದಿನಕ್ಕೆ ಮುಂಚೆ, ನನ್ನ ಪದ್ಧತಿಯಂತೆ ತಾರೀಖನ್ನು ಮಾತ್ರ ಬರೆದು ಮುಂದಿನ ಗೆರೆಯನ್ನು ಖಾಲಿ ಬಿಟ್ಟೆ. ಮಳೆ ಹಿಡಿಯಬಹುದು, ರಸ್ತೆ ಕುಸಿಯಬಹುದು, ಯಾರಿಗಾದರೂ ತಲೆನೋವು ಬರಬಹುದು. ಅಂಥ ದಿನಕ್ಕೆ ಪಟ್ಟಿಯಲ್ಲಿ ಮೊದಲೇ ಆಸನವನ್ನು ಕಾದಿರಿಸದಿದ್ದರೆ, ಮೋಡ ಕವಿದ ಬೆಳಗಿನಲ್ಲೂ ರೈಲು ತಪ್ಪೀತೆಂದು ಹೆದರಿ ಜನ ಬೆಟ್ಟ ಹತ್ತುತ್ತಾರೆ. ಹೊಸಬರ ಯೋಜನೆಯನ್ನು ಯಾರಾದರೂ ನನಗೆ ತೋರಿಸಿದರೆ ನಾನು ಮೊದಲು ಹುಡುಕುವುದು ಈ ಖಾಲಿ ಗೆರೆಯನ್ನು.

ಅಕ್ಕನಿಗೆ ಬಿಟ್ಟ ಸ್ಥಳವೆಂದರೆ ತುಂಬಬೇಕಾದದ್ದು. ದಾರಿಯಲ್ಲಿ ಸಿಕ್ಕುವ ಊಖೀಮಠವು ವೀರಶೈವರ ಪಂಚಪೀಠಗಳಲ್ಲಿ ಕೇದಾರಪೀಠದ ನೆಲೆಯೆಂದೂ, ಕೇದಾರನಾಥನಿಗೆ ಚಳಿಗಾಲದ ಪೂಜೆ ಅಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ ನಡೆಯುವುದೆಂದೂ, ಕೇದಾರದ ಮುಖ್ಯ ಅರ್ಚಕರಾದ ರಾವಲರು ಪರಂಪರೆಯಿಂದ ನಮ್ಮ ಕರ್ನಾಟಕದ ಕಡೆಯ ವೀರಶೈವರೆಂದೂ ನಾನೇ ಆಕೆಗೆ ಹೇಳಿದ್ದೆ. ಮರುದಿನ ಪುಸ್ತಕ ತೆರೆದರೆ ಆ ಗೆರೆಯ ಮೇಲೆ ಗುಂಡಗಿನ ಅಕ್ಷರಗಳಲ್ಲಿ, "ಊಖೀಮಠ. ಕನ್ನಡ ಮಾತಾಡುವವರು ಸಿಕ್ಕರೆ ಮಧ್ಯಾಹ್ನದವರೆಗೆ," ಎಂದು ಬರೆದಿತ್ತು. ನಾನು ಅದನ್ನು ಅಳಿಸಲಿಲ್ಲ. ಅದರ ಕೆಳಗೆ ಇನ್ನೊಂದು ತಾರೀಖನ್ನು ಬರೆದು, ಗೆರೆಯನ್ನು ಖಾಲಿ ಬಿಟ್ಟು, ದೆಹಲಿಯಿಂದ ಹೊರಡುವ ರೈಲನ್ನು ಒಂದು ದಿನ ಮುಂದಕ್ಕೆ ಹಾಕಿದೆ.