ಒಂದು ಎಳೆ ಅರಳೆ

ಮೇಡ್ಲೇರಿಯ ಎರೆಹೊಲದಲ್ಲಿ ಸೋದರತ್ತೆ ಹತ್ತಿ ಬಿಡಿಸುವಾಗ ನಾನು ಬದುವಿನ ಮೇಲೆ ಕೂತು ಅರಳೆ ಹಿಂಜುತ್ತಿದ್ದೆ. ಒಂದು ಬೀಜ ಹಿಡಿದು, ಬೈತಲೆ ತೆಗೆದ ಹಾಗೆ ಎಳೆಗಳನ್ನು ಎರಡು ಕಡೆಗೆ ಬಾಚಿ, ಒಂದನ್ನು ಮಾತ್ರ ಕಿತ್ತು ಬಿಸಿಲಿಗೆ ಹಿಡಿಯುವುದು ನನ್ನ ಆಟ. ಆ ಎಳೆ ಒಂದೇ ಒಂದು ಜೀವಕೋಶ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದ ರಾತ್ರಿ ನಿದ್ದೆ ಹತ್ತಲಿಲ್ಲ. ಅಗಲ ಮಿಲಿಮೀಟರಿನ 50ರಲ್ಲೊಂದು ಪಾಲು, ಉದ್ದ 3 ಸೆಂಟಿಮೀಟರ್! ಇಷ್ಟೇ ಸಾಕೆಂದು ಅದಕ್ಕೆ ಹೇಳುವವರು ಯಾರು?

ಒಡೆದು ಎರಡಾಗುವ ಕೋಶಗಳ ಲೆಕ್ಕ ಬೇರೆ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಹುಟ್ಟುವಾಗ ಗಿಡ್ಡವಿರಲಿ ಉದ್ದವಿರಲಿ, ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಬೆಳೆದು ಒಡೆಯುತ್ತದೆ. ತಲೆಮಾರಿನಿಂದ ತಲೆಮಾರಿಗೆ ಉದ್ದದ ಏರುಪೇರು ತಾನೇ ಸರಿಹೋಗುತ್ತದೆ. ಹತ್ತಿಯ ಎಳೆಗೆ ಆ ದಾರಿಯಿಲ್ಲ, ಅದು ಮತ್ತೆ ಒಡೆಯುವುದೇ ಇಲ್ಲ.

ಮೇಡ್ಲೇರಿ ಇರುವ ರಾಣೆಬೆನ್ನೂರು ಸೀಮೆಗೆ ಹತ್ತಿಯ ಬೀಜೋತ್ಪಾದನೆ ಹೊಸದಲ್ಲ. ಸಂಜೆ ಹೆಣ್ಣುಮಕ್ಕಳು ಮೊಗ್ಗಿನ ಕೇಸರ ಬಿಡಿಸಿ, ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರುತ್ತಾರೆ. ಈ ಕ್ರಾಸಿಂಗ್ ಕೈಚಳಕದಿಂದಲೇ 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಾತರಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ತಳಿ ಕೊಟ್ಟರು. ಉದ್ದೆಳೆಯ ಹತ್ತಿ. ಆ ಉದ್ದ ಶುರುವಾಗುವುದು ಹೂವಿನಲ್ಲೇ: ಹೂ ಅರಳುವ ಹೊತ್ತಿಗೇ ಒಳಗೆ ಎಳೆಬೀಜದ ಮೇಲ್ಪದರದಲ್ಲಿ ಸುಮಾರು ನಾಲ್ಕಕ್ಕೊಂದು ಕೋಶ ಉಬ್ಬತೊಡಗುತ್ತದೆ. ಮರುದಿನ ಬಿಳಿ ಹೂ ಗುಲಾಬಿಗೆ ತಿರುಗುತ್ತದೆ. ಎಳೆ ನೀಳುತ್ತಲೇ ಇರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಈ ಕೋಶ ಹಾಸಿಗೆಯನ್ನೇ ಹಿಗ್ಗಿಸುತ್ತದೆ. ಸಕ್ಕರೆ, ಪೊಟ್ಯಾಸಿಯಂ ಒಳಗೆ ಕೂಡಿಟ್ಟುಕೊಂಡು ನೀರು ಎಳೆಯುತ್ತದೆ. ಆ ಒತ್ತಡಕ್ಕೆ ಇನ್ನೂ ಮೆತ್ತಗಿರುವ ಗೋಡೆ ಹಿಗ್ಗುತ್ತದೆ. ಪಕ್ಕದ ಕೋಶಗಳ ಕಡೆಗಿನ ಸಣ್ಣ ಕಂಡಿಗಳನ್ನೂ ಕೆಲವು ದಿನ ಮುಚ್ಚಿಕೊಳ್ಳುತ್ತದೆ, ಒತ್ತಡ ಸೋರಬಾರದಲ್ಲ. ಎರಡು ಮೂರು ವಾರಕ್ಕೆ ಒಳಗಿನಿಂದ ಸೆಲ್ಯುಲೋಸ್ ಪದರ ಪದರವಾಗಿ ಕೂರುತ್ತದೆ. ಗೋಡೆ ಬಿಗಿಯುತ್ತದೆ, ನೀಳುವುದು ನಿಲ್ಲುತ್ತದೆ. ನೀಳುವ ದಿನಗಳಲ್ಲಿ ಮಳೆ ಕೈಕೊಟ್ಟರೆ ಎಳೆ ಗಿಡ್ಡ, ರೇಟೂ ಗಿಡ್ಡ. ಅತ್ತೆ ಆಕಾಶ ನೋಡುತ್ತಿದ್ದುದು ಅದಕ್ಕೇ.

ಕಾಯಿ ಒಡೆಯುವ ಹೊತ್ತಿಗೆ ಕೋಶ ಸತ್ತು, ಒಳಗಿನ ನೀರು ಆರಿ, ಕೊಳವೆ ಚಪ್ಪಟೆಯಾಗಿ ಹುರಿಗೊಳ್ಳುತ್ತದೆ. ಆ ಹುರಿಯಿಂದಲೇ ಒಂದೆಳೆ ಇನ್ನೊಂದನ್ನು ಹಿಡಿಯುವುದು. ರಾತ್ರಿ ಅತ್ತೆ ಚಿಟಿಕೆ ಅರಳೆಗೆ ಬೂದಿ ಸೋಕಿಸಿ, ಮೊಳಕಾಲ ಮೇಲೆ ಒಂದು ಸಲ ಹೊಸೆದರೆ ಸಾಕು, ಬತ್ತಿ ಬಿಚ್ಚುತ್ತಿರಲಿಲ್ಲ.